ಗುತ್ತೇದಾರ ಕೈ ಎತ್ತಿದರೆ ಪಗಾರ ಯಾರ ಹತ್ತಿರ ಕೇಳಬೇಕು?

ಪ್ರಶ್ನೆ: ವಕೀಲರೇ, ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗುತ್ತೇದಾರನ ಕೈಕೆಳಗೆ ಫೆಟ್ಲಿಂಗ್, ಅಂದರೆ ಎರಕದ ಭಾಗಗಳನ್ನು ಉಜ್ಜಿ ಸಾಫು ಮಾಡುವ ಕೆಲಸಕ್ಕಿದ್ದೆ. 2024ರ ಏಪ್ರಿಲ್‌ನಿಂದ 2025ರ ಜೂನ್ 12ರವರೆಗೆ. ದಿನಕ್ಕೆ 12 ತಾಸು. ಮೊದಲ 8 ತಾಸಿಗೆ 480 ರೂಪಾಯಿ, ಮೇಲಿನ 4 ತಾಸಿಗೆ 240. ಕೊನೆಯ ಎರಡು ತಿಂಗಳ 52 ಹಾಜರಿ, ಜೂನ್‌ನ 10 ಹಾಜರಿ, ಒಟ್ಟು 44,640 ರೂಪಾಯಿ ಪಗಾರ ಬಂದಿಲ್ಲ. ಗುತ್ತೇದಾರನ ಫೋನ್ ಬಂದ್. ಕಂಪನಿಯವರು 'ನೀ ನಮ್ಮ ಲೇಬರ್ ಅಲ್ಲ, ಅವನ್ನ ಕೇಳ್ಹೋಗು' ಅಂತಾರೆ. ನನ್ನ ಹತ್ತಿರ ನೇಮಕಾತಿ ಪತ್ರ ಇಲ್ಲ, ಪಗಾರ ಚೀಟಿ ಇಲ್ಲ. ಖಾಲಿ ವೋಚರ್ ಮೇಲೆ ಸಹಿ ಮಾತ್ರ ಮಾಡಿಸಿಕೊಂಡಿದ್ದಾರೆ. ಆರು ತಿಂಗಳು ದಾಟಿದರೆ ಕೇಸು ನಿಲ್ಲಲ್ಲ ಅಂತ ಒಬ್ಬರು ಹೇಳಿದರು, ಹೌದಾ? ಪೊಲೀಸರ ಹತ್ತಿರ ಹೋಗಲಾ? ಇನ್ನೊಂದು ಮಾತು. ನಮ್ಮ ಮಾವ ಕಬ್ಬು ಕಡಿಯಲು ಹೋಗಿದ್ದ. ಅಡ್ವಾನ್ಸ್ ತೀರಿಲ್ಲ ಅಂತ ಅವನಿಗೂ ಕೂಲಿ ಕೊಟ್ಟಿಲ್ಲ. ಅದಕ್ಕೂ ಇದೇ ಕಾನೂನಾ?

ಉತ್ತರ: ಇದರಲ್ಲಿ ತುರ್ತಿನದು ಗಡುವಿನ ಮಾತು, ಅದನ್ನೇ ಮೊದಲು ಮುಗಿಸೋಣ. ಆರು ತಿಂಗಳು ಅಂದವರು ಸುಳ್ಳು ಹೇಳಿಲ್ಲ, ಹಳೆಯದನ್ನು ಹೇಳಿದ್ದಾರೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಕ್ಲೇಮು ಹಾಕಲು 6 ತಿಂಗಳಿತ್ತು. 1936ರ ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು. ಈ ಎರಡು, ಜೊತೆಗೆ ಬೋನಸ್ ಕಾಯ್ದೆ ಮತ್ತು ಸಮಾನ ವೇತನ ಕಾಯ್ದೆ, ಒಟ್ಟು ನಾಲ್ಕೂ ಸೇರಿ ಈಗ ಒಂದೇ ಕಾನೂನಾಗಿವೆ. ವೇತನ ಸಂಹಿತೆ 2019 ಅಂತ ಅದರ ಹೆಸರು. ಹೆಸರಲ್ಲಿ 2019 ಇದ್ದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಆರು ವರ್ಷ ಕಪಾಟಿನಲ್ಲೇ ಕೂತಿತ್ತು ಅನ್ನಿ. ಇದರ ಕಲಂ 45ರಲ್ಲಿ ಕ್ಲೇಮಿಗೆ 3 ವರ್ಷ ಕೊಟ್ಟಿದ್ದಾರೆ, ಅದೂ ದಾಟಿದರೆ ಸರಿಯಾದ ಕಾರಣ ಹೇಳಿ ತಡವನ್ನು ಮನ್ನಿಸಿ ಅಂತ ಕೇಳಬಹುದು.

ನಿಮ್ಮ ಕೊನೆಯ ಎರಡು ತಿಂಗಳು ಮತ್ತು ಜೂನ್‌ನ ಪಗಾರದ ಕ್ಲೇಮು ನವೆಂಬರ್ 21ರಂದು ಹಳೆಯ 12 ತಿಂಗಳ ಗಡುವಿನ ಒಳಗೇ ಇತ್ತು. ಅಂದರೆ ಜೀವಂತ ಇತ್ತು. ಜೀವಂತ ಇದ್ದ ಹಕ್ಕಿಗೆ ಹೊಸ ಗಡುವು ಸಿಗುತ್ತದೆ. ಆದರೆ ಹಳೆ ಕಾನೂನಿನಲ್ಲೇ ಸತ್ತುಹೋಗಿದ್ದ ಕ್ಲೇಮಿಗೆ ಹೊಸ ಕಾನೂನು ತಾನಾಗಿ ಜೀವ ತುಂಬಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಓಟಿ (ಓವರ್‌ಟೈಮ್, ಹೆಚ್ಚಿನ ತಾಸಿನ ಪಗಾರ) ಲೆಕ್ಕಕ್ಕೆ ಬಂದಾಗ ಬೇಕಾಗುತ್ತದೆ.

ಹೌದು, ಓಟಿ. ನೀವು 44,640 ಅಂತ ಬರೆದಿದ್ದೀರಿ. ಅದು ಗುತ್ತೇದಾರ ಹಾಕಿಕೊಟ್ಟ ಲೆಕ್ಕ. ಕಾನೂನಿನ ಲೆಕ್ಕ ಬೇರೆ ಇದೆ. 8 ತಾಸಿಗೆ 480 ಅಂದರೆ ತಾಸಿಗೆ 60. ಹೆಚ್ಚಿನ ತಾಸಿಗೆ ದುಪ್ಪಟ್ಟು ಕೊಡಬೇಕು ಅನ್ನುವುದು ಫ್ಯಾಕ್ಟರಿ ಕಾಯ್ದೆಯ ಕಾಲದಿಂದಲೂ ಇರುವ ಮಾತು, ಹೊಸ ಸಂಹಿತೆಯಲ್ಲೂ ಇದೆ. 4 ತಾಸಿಗೆ 120ರಂತೆ 480 ಬರಬೇಕಿತ್ತು, ನಿಮಗೆ ಕೊಟ್ಟದ್ದು 240. ದಿನದ ಪಗಾರ 720 ಅಲ್ಲ, 960. 62 ಹಾಜರಿಗೆ 59,520 ರೂಪಾಯಿ. ನೀವು ಸುಮ್ನೆ 14,880 ರೂಪಾಯಿ ಬಿಟ್ಟುಕೊಟ್ಟು ಅರ್ಜಿ ಬರೆಯಲು ಹೊರಟಿದ್ದೀರಿ! ಇದು ನಿಮ್ಮೊಬ್ಬರ ತಪ್ಪಲ್ಲ, ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಜನ ಮಾಲಕ ಹೇಳಿದ ರೇಟನ್ನೇ ಹಿಡಿದು ಬಾಕಿ ಲೆಕ್ಕ ಹಾಕುತ್ತಾರೆ.

ಅದಕ್ಕೂ ಮುಂಚಿನ 12 ತಿಂಗಳು, ಅಂದರೆ 2024ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ, ಪಗಾರ ಬಂದಿದೆ, ಆದರೆ ಓಟಿ ಅರ್ಧವೇ ಬಂದಿದೆ. ತಿಂಗಳಿಗೆ 26 ಹಾಜರಿ ಹಿಡಿದರೆ 6,240 ಕಡಿಮೆ. ವರ್ಷಕ್ಕೆ 74,880. ಇಲ್ಲಿ ಎದುರಿನ ವಕೀಲರು ಗಡುವು ಮುಗಿದಿದೆ ಅಂತ ವಾದ ಮಾಡೇ ಮಾಡುತ್ತಾರೆ, ಹಳೆಯ ತಿಂಗಳುಗಳ ಮಟ್ಟಿಗೆ ಆ ವಾದದಲ್ಲಿ ಹುರುಳೂ ಇದೆ. ಹಾಗಂತ ಬಿಡಬೇಡಿ. ಮೊತ್ತವನ್ನು ತಿಂಗಳವಾರು ಬೇರೆ ಬೇರೆ ತೋರಿಸಿ, ಜೊತೆಗೆ ತಡ ಮನ್ನಿಸುವ ಅರ್ಜಿಯನ್ನೂ ಹಾಕಿ. ಒಂದು ಭಾಗ ಬಿದ್ದುಹೋದರೂ ಉಳಿದದ್ದು ನಿಲ್ಲಬೇಕು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆದರೆ ಒಳ್ಳೆ ಕ್ಲೇಮಿಗೂ ಕೊಳೆ ಅಂಟುತ್ತದೆ.

ಇನ್ನೂ ಒಂದು ಹಂತ ಇದೆ. ಆ 480 ರೂಪಾಯಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರಕ್ಕಿಂತ ಕಡಿಮೆ ಇದ್ದರೆ ಈ ಲೆಕ್ಕವೂ ಮೇಲೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ದರ ಕೆಲಸದ ಬಗೆ, ಕೌಶಲ, ಊರಿನ ವಲಯ ನೋಡಿ ಬೇರೆ ಬೇರೆ ಇರುತ್ತದೆ, ಮೇಲಿನ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹಾಗಾಗಿ 2024-25ಕ್ಕೆ ಒಂದು ಪಟ್ಟಿ, 2025-26ಕ್ಕೆ ಇನ್ನೊಂದು. ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಎರಡೂ ಪಟ್ಟಿ ಕೇಳಿ. ಫೆಟ್ಲಿಂಗ್ ಮಾಡುವವನನ್ನು 'ಹೆಲ್ಪರ್' ಅಂತ ಬರೆದು ಕೆಳಗಿನ ದರ್ಜೆಗೆ ತಳ್ಳುವುದು ನಮ್ಮ ಕಡೆ ರೂಢಿ. ಗ್ರೈಂಡರ್ ಹಿಡಿದು ವರ್ಷಗಟ್ಟಲೆ ದುಡಿದವನು ಅಕುಶಲ ಹೇಗಾಗುತ್ತಾನೆ? ನೀವು ಏನು ಕೆಲಸ ಮಾಡುತ್ತಿದ್ದಿರಿ ಅನ್ನೋದನ್ನ ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಮತ್ತೆ, 'ನನಗೆ ಕಡಿಮೆ ಪಗಾರ ಒಪ್ಪಿಗೆ' ಅಂತ ಕಾಗದ ಬರೆಸಿಕೊಂಡಿದ್ದರೂ ಹೆದರಬೇಡಿ. ಕಾನೂನು ಕೊಟ್ಟ ಪಗಾರವನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಬೆಲೆ ಇಲ್ಲ.

ಈಗ ನಿಮ್ಮ ಮುಖ್ಯ ತಲೆನೋವು. ಯಾರ ಮೇಲೆ ಕೇಸು?

ಇಬ್ಬರ ಮೇಲೂ. ಗುತ್ತೇದಾರ ಒಂದನೇ ಎದುರುದಾರ, ಕಂಪನಿ ಎರಡನೆಯದು. 'ನಮ್ಮ ಲೇಬರ್ ಅಲ್ಲ' ಅನ್ನುವ ಮಾತು ನಾನು ವಕೀಲಿಕೆ ಶುರು ಮಾಡಿದ ದಿನದಿಂದ ಕೇಳುತ್ತಿದ್ದೇನೆ, ಅದು 1970ರಲ್ಲೇ ಹಳಸಿದ ಮಾತು. ಆ ವರ್ಷದ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ, ಗುತ್ತೇದಾರ ಪಗಾರ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಮೂಲ ಮಾಲಕನೇ, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು, ಆಮೇಲೆ ಬೇಕಾದರೆ ಗುತ್ತೇದಾರನ ಬಿಲ್ಲಿನಲ್ಲಿ ಮುರಿದುಕೊಳ್ಳಲಿ ಅಂತ ಸ್ಪಷ್ಟವಾಗಿ ಇತ್ತು. ಅಷ್ಟೇ ಅಲ್ಲ, ಪಗಾರ ಹಂಚುವಾಗ ಕಂಪನಿಯ ಒಬ್ಬ ಮನುಷ್ಯ ಎದುರಿಗಿದ್ದು, ಕೊಟ್ಟದ್ದನ್ನು ನೋಡಿದ್ದೇನೆ ಅಂತ ಸಹಿ ಹಾಕಬೇಕಿತ್ತು. ವಿಚಾರಣೆಯಲ್ಲಿ ಆ ರಿಜಿಸ್ಟರ್ ತರಿಸಿ ಅಂತ ಒಂದು ಅರ್ಜಿ ಕೊಡಿ. ಎಷ್ಟೋ ಸಲ ಅಲ್ಲಿಗೇ ಕಂಪನಿಯವರ ದನಿ ತಗ್ಗುತ್ತದೆ. ಯಾಕೆಂದರೆ ಸಹಿ ಇದ್ದರೆ ಅವರು ಸುಳ್ಳಿಗೆ ಸಾಕ್ಷಿ, ಇಲ್ಲದಿದ್ದರೆ ಕರ್ತವ್ಯ ಮಾಡಿಲ್ಲ.

ನೀವು ದುಡಿದದ್ದು ಆ ಕಾಯ್ದೆ ಇದ್ದ ಕಾಲದಲ್ಲಿ, ಅದಕ್ಕೇ ಇಷ್ಟು ಹೇಳಿದೆ. ಈಗಿನ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ಅಧ್ಯಾಯ 50 ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರು ಇದ್ದ ಕಡೆಗೆ ಮಾತ್ರ. ಉದ್ಯಮಬಾಗ, ಮಚ್ಛೆಯ ಸಣ್ಣ ಘಟಕಗಳಲ್ಲಿ ಅಷ್ಟು ಜನ ಎಲ್ಲಿರುತ್ತಾರೆ? ಇದು ಕಾರ್ಮಿಕರಿಗೆ ಆದ ನಷ್ಟ ಅಂತಲೇ ನನ್ನ ಅಭಿಪ್ರಾಯ. ಆದರೆ ವೇತನ ಸಂಹಿತೆಯ ಕಲಂ 43ರಲ್ಲಿ ಒಂದು ಕಿಟಕಿ ಉಳಿದಿದೆ. ಪಗಾರ ಕೊಡಬೇಕಾದವನು ಕೊಡದಿದ್ದರೆ, ನೀವು ಕೆಲಸ ಮಾಡಿದ ಸಂಸ್ಥೆಯ ಒಡೆಯ ಯಾರೋ, ಕಂಪನಿಯಾಗಲಿ ಪಾಲುದಾರಿಕೆಯಾಗಲಿ, ಅವರೇ ಹೊಣೆ. ಅಲ್ಲಿ ಇಂತಿಷ್ಟು ಜನ ಇರಬೇಕು ಅನ್ನುವ ಲೆಕ್ಕವಿಲ್ಲ. ಅರ್ಜಿಯಲ್ಲಿ ಹಳೆಯ ಕಾಯ್ದೆಗಳನ್ನೂ ಬರೆಯಿರಿ, ಸಂಹಿತೆಯ ಕಲಂ 43 ಮತ್ತು 45ನ್ನೂ ಬರೆಯಿರಿ. ಯಾವುದು ಅನ್ವಯ ಅಂತ ಅಧಿಕಾರಿ ನೋಡಿಕೊಳ್ಳಲಿ.

ಸಾಕ್ಷಿ ಇಲ್ಲ ಅಂತ ಹೆದರಿದ್ದೀರಿ. ಹೆದರಬೇಕಾದವರು ಅವರು. ಕಲಂ 59 ಓದಿ, ಎರಡೇ ಸಾಲಿದೆ. ಪಗಾರ ಬಂದಿಲ್ಲ, ಕಡಿಮೆ ಬಂದಿದೆ, ತಪ್ಪಾಗಿ ಮುರಿದಿದ್ದಾರೆ ಅಂತ ಕಾರ್ಮಿಕ ಕ್ಲೇಮು ಹಾಕಿದರೆ, ಕೊಟ್ಟಿದ್ದೇವೆ ಅಂತ ತೋರಿಸುವ ಭಾರ ಮಾಲಕನ ಮೇಲೆ. ನಿಮ್ಮ ತಲೆ ಮೇಲಿರುವುದು ಒಂದೇ, ನಾನು ಅಲ್ಲಿ ದುಡಿದಿದ್ದೇನೆ ಅಂತ ತೋರಿಸುವುದು. ದುಡಿದದ್ದಕ್ಕೆ ಸಾಕ್ಷಿ ನಿಮ್ಮದು, ಕೊಟ್ಟದ್ದಕ್ಕೆ ಸಾಕ್ಷಿ ಅವರದು. ಜನ ಇದನ್ನು ಉಲ್ಟಾ ತಿಳಿದುಕೊಂಡು ಮನೆಯಲ್ಲೇ ಕೂತುಬಿಡುತ್ತಾರೆ.

ದುಡಿದದ್ದಕ್ಕೆ ನಿಮ್ಮ ಹತ್ತಿರ ಏನೂ ಇಲ್ಲ ಅಂತೀರಿ, ಇರುತ್ತದೆ, ಹುಡುಕಿ. ಇಎಸ್‌ಐ ನಂಬರ್ ಮಾಡಿಸಿದ್ದರಾ? ಅದರಲ್ಲಿ ಯಾರು ವಂತಿಗೆ ಕಟ್ಟಿದ್ದಾರೆ ಅಂತ ಹೆಸರಿರುತ್ತದೆ. ಪಿಎಫ್ ಪಾಸ್‌ಬುಕ್‌ನಲ್ಲೂ ಹಾಗೆಯೇ. ಗೇಟಿನ ಹತ್ತಿರ ತೆಗೆದ ಫೋಟೋ, ಕ್ಯಾಂಟೀನ್ ಟೋಕನ್, ಸೂಪರ್‌ವೈಸರ್ 'ನಾಳೆ ಸೆಕೆಂಡ್ ಶಿಫ್ಟಿಗೆ ಬಾ' ಅಂತ ಹಾಕಿದ ವಾಟ್ಸಾಪ್ ಮೆಸೇಜು, ಕಣ್ಣಿಗೆ ಚೂರು ಬಿದ್ದು ದವಾಖಾನೆಗೆ ಕರೆದೊಯ್ದಿದ್ದರೆ ಅಲ್ಲಿನ ಚೀಟಿ, ಎಲ್ಲವೂ ಬೇಕು. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾರಿಬಿಡಬೇಡಿ, ಮೂಲ ಫೋನ್ ಇಟ್ಟುಕೊಳ್ಳಿ. ಜೊತೆಗೆ ಕೆಲಸ ಮಾಡಿದ ಇಬ್ಬರು ಬಂದು ಹೇಳಿಕೆ ಕೊಟ್ಟರೆ ಇನ್ನೂ ಗಟ್ಟಿ.

ಬ್ಯಾಂಕ್ ಪಾಸ್‌ಬುಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ಗುತ್ತೇದಾರರು ಕಾಗದದಲ್ಲಿ ಸರಿಯಾಗಿರಲಿ ಅಂತ ಪೂರ್ತಿ ಕನಿಷ್ಠ ವೇತನವನ್ನು ಖಾತೆಗೆ ಹಾಕುತ್ತಾರೆ, ಎಟಿಎಂ ಕಾರ್ಡು ಮಾತ್ರ ತಮ್ಮ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಹಣ ಬಿದ್ದ ದಿನವೇ ತೆಗೆದು, ಮೂರು-ನಾಲ್ಕು ಸಾವಿರ ಹಿಡಿದುಕೊಂಡು ಉಳಿದದ್ದನ್ನು ಕೈಗೆ ಕೊಡುತ್ತಾರೆ. ಇಂಥ ಒಂದು ಕೇಸಿನಲ್ಲಿ ನಾನು ಹನ್ನೊಂದು ಜನರ ಖಾತೆ ವಿವರ ತರಿಸಿ ಒಂದರ ಪಕ್ಕ ಒಂದು ಇಟ್ಟೆ. ಹನ್ನೊಂದೂ ಜನ ಒಂದೇ ಎಟಿಎಂನಲ್ಲಿ, ಅರ್ಧ ತಾಸಿನೊಳಗೆ, ಪ್ರತಿ ತಿಂಗಳೂ ಹಣ ತೆಗೆದಿದ್ದರು. ಅದರಲ್ಲಿ ಇಬ್ಬರು ಆ ಹೊತ್ತಿಗೆ ಶಿಫ್ಟಿನಲ್ಲಿದ್ದರು ಅಂತ ಕಂಪನಿಯ ಹಾಜರಿ ಪುಸ್ತಕವೇ ಹೇಳುತ್ತಿತ್ತು! ಆಮೇಲೆ ವಾದ ಮಾಡುವ ಕೆಲಸವೇ ಬೀಳಲಿಲ್ಲ.

ಖಾಲಿ ವೋಚರ್ ಮೇಲೆ ಸಹಿ ಮಾಡಿಸಿಕೊಂಡಿದ್ದಾರೆ ಅಂದಿರಿ. ಅದನ್ನು ಅರ್ಜಿಯ ಮೊದಲ ಪುಟದಲ್ಲೇ ನೀವಾಗಿ ಹೇಳಿಬಿಡಿ. ಅವರು ಅದನ್ನು ತುಂಬಿ ತಂದು ತೋರಿಸಿದ ಮೇಲೆ ಹೇಳಿದರೆ ನೆಪ ಅನ್ನಿಸುತ್ತದೆ, ಮೊದಲೇ ಹೇಳಿದ್ದರೆ ಅವರ ವೋಚರ್‌ಗೆ ಬಲ ಇರುವುದಿಲ್ಲ.

ಎಲ್ಲಿಗೆ ಹೋಗಬೇಕು? ಜಿಲ್ಲಾ ಕೇಂದ್ರದ ಕಾರ್ಮಿಕ ಇಲಾಖೆ ಕಚೇರಿಗೆ. ಅಲ್ಲಿ ಎರಡು ಕೆಲಸ ಇವೆ, ಜನ ಎರಡನ್ನೂ ಒಂದೇ ಅಂದುಕೊಂಡು ಮೋಸ ಹೋಗುತ್ತಾರೆ. ಇನ್‌ಸ್ಪೆಕ್ಟರ್‌ಗೆ ಕೊಡುವುದು ದೂರು. ಅವರು ಕಾರಖಾನೆಗೆ ಹೋಗಿ ದಾಖಲೆ ನೋಡಬಹುದು, ಮಾಲಕನಿಗೆ ನೋಟಿಸು ಕೊಡಬಹುದು. ಕಲಂ 45ರ ಪ್ರಾಧಿಕಾರಕ್ಕೆ, ಅಂದರೆ ಸರ್ಕಾರ ನೇಮಿಸಿದ ಗೆಜೆಟೆಡ್ ದರ್ಜೆಯ ಅಧಿಕಾರಿಗೆ, ಕೊಡುವುದು ಕ್ಲೇಮು. ಹಣ ಕೊಡಿಸುವ ಆದೇಶ ಬರುವುದು ಕ್ಲೇಮಿನಿಂದ. ಇನ್‌ಸ್ಪೆಕ್ಟರ್‌ಗೆ ದೂರು ಕೊಟ್ಟು ಒಂದೂವರೆ ವರ್ಷ ಅಲೆದು, 'ಕೇಸು ಹಾಕಿದ್ದೇನೆ' ಅಂತ ನಂಬಿಕೊಂಡಿದ್ದ ಒಬ್ಬರನ್ನು ನೋಡಿದ್ದೇನೆ, ಹಳೆಯ ಗಡುವು ಹಾಗೇ ಕಳೆದುಹೋಗಿತ್ತು. ಎರಡನ್ನೂ ಕೊಡಿ, ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಕ್ಲೇಮಿಗೆ ಮೊದಲು ಒಂದು ಸಾದಾ ಪತ್ರ ಬರೆದು ಕಂಪನಿಗೂ ಗುತ್ತೇದಾರನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, 15 ದಿನ ಸಮಯ ಕೊಡಿ. ಇದು ಕಡ್ಡಾಯವಲ್ಲ, ಆದರೆ ನಾಳೆ 'ನಮಗೆ ಗೊತ್ತೇ ಇರಲಿಲ್ಲ' ಅನ್ನಲು ಬರುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಡಿ, ಸಂಹಿತೆಯಲ್ಲಿ ವಸೂಲಿಯಾಗುವ ಪಗಾರಕ್ಕೆ ಅಲ್ಲಿ ದಾವೆ ನಡೆಯುವುದಿಲ್ಲ. ಪೊಲೀಸ್ ಠಾಣೆಗೂ ಪಗಾರದ ಮಾತಿಗೆ ಹೋಗಿ ಪ್ರಯೋಜನವಿಲ್ಲ. ಒಂದೇ ಒಂದು ಕಡೆ ಪೊಲೀಸರ ಕೆಲಸ ಇದೆ. ನಿಮ್ಮ ಪಗಾರದಲ್ಲಿ ಪಿಎಫ್ ಅಂತ ಮುರಿದು ಪಾಸ್‌ಬುಕ್ಕಿಗೆ ಕಟ್ಟದೇ ಇದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಅದಕ್ಕೆ ಪಿಎಫ್ ಕಚೇರಿಗೆ ಬೇರೆ ದೂರು ಕೊಡಿ.

ವಕೀಲರ ಫೀಸಿಗೆ ಹಣ ಇಲ್ಲ ಅಂತ ಕೂರಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಕಾರಖಾನೆ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಫೋನಾದರೆ 15100. ಇನ್ನು, ನಿಮ್ಮಂತೆ ಬಾಕಿ ಉಳಿದವರು ಎಷ್ಟು ಜನ ಇದ್ದಾರೋ ಎಲ್ಲರೂ ಸೇರಿ ಒಂದೇ ಅರ್ಜಿ ಹಾಕಬಹುದು. ಆದರೆ ಲೆಕ್ಕದ ಪಟ್ಟಿ ಒಬ್ಬೊಬ್ಬರದು ಬೇರೆ ಇರಲಿ. ಹಿಂದೊಮ್ಮೆ ಆರು ಜನ ಒಟ್ಟಿಗೆ ಬಂದಿದ್ದರು. ಮೊದಲ ತಾರೀಖಿಗೆ ಮುಂಚೆಯೇ ಮಾಲಕ ಐವರನ್ನು ಒಳಗೆ ಕರೆದು ಅರ್ಧ ಹಣ ಕೊಟ್ಟು 'ಪೂರ್ತಿ ಮುಟ್ಟಿತು' ಅಂತ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡ. ಆರನೆಯವನ ಲೆಕ್ಕ ಬೇರೆ ಇದ್ದದ್ದಕ್ಕೆ ಅವನ ಕೇಸು ಉಳಿಯಿತು. ನಿಮಗೂ ಹಾಗೆ ಕರೆ ಬರುತ್ತದೆ, ನೋಡುತ್ತಿರಿ. ಕೊಟ್ಟಷ್ಟು ತೆಗೆದುಕೊಳ್ಳಿ, ಹಸಿದವರಿಗೆ ಬೇಡ ಅನ್ನಲು ನಾನ್ಯಾರು? ಆದರೆ ಖಾತೆಗೆ ಹಾಕಿಸಿಕೊಳ್ಳಿ, ರಸೀದಿಯಲ್ಲಿ 'ಇಷ್ಟು ಬಂದಿದೆ, ಉಳಿದದ್ದು ಬಾಕಿ' ಅಂತ ನಿಮ್ಮ ಕೈಯಾರೆ ಬರೆದು ಸಹಿ ಹಾಕಿ.

ಶಿಕ್ಷೆ ಏನು ಅಂತ ನೀವು ಕೇಳಿಲ್ಲ, ಆದರೆ ಎಲ್ಲರೂ ಕೊನೆಗೆ ಕೇಳುತ್ತಾರೆ, 'ಅವನನ್ನ ಒಳಗ ಹಾಕಸ್ರಿ' ಅಂತ. ಈಗಿನ ಸಂಹಿತೆಯಲ್ಲಿ ಕಡಿಮೆ ಪಗಾರ ಕೊಟ್ಟರೆ ಮೊದಲ ಸಲ 50,000 ರೂಪಾಯಿವರೆಗೆ ದಂಡ, ಜೈಲಿಲ್ಲ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 3 ತಿಂಗಳವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮೊದಲ ತಪ್ಪಿಗೆ ಗರಿಷ್ಠ ದಂಡದ ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ, ಅಂದರೆ 25,000ಕ್ಕೆ ಮುಗಿಯಿತು. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲಿಗೆ ಅವಕಾಶ ಇತ್ತು, ದಂಡ ಮಾತ್ರ 500 ರೂಪಾಯಿ. 1948ರಲ್ಲಿ ದೊಡ್ಡ ಮೊತ್ತವೇ ಇರಬಹುದು, ಇವತ್ತು ಮಾಲಕನ ಕಾರಿನ ಡೀಸೆಲ್‌ಗೂ ಸಾಲಲ್ಲ. ನಿಮ್ಮ ಪ್ರಕರಣದ ತಪ್ಪು ನಡೆದದ್ದು 2025ರ ನವೆಂಬರ್‌ಗೆ ಮೊದಲು, ಹಾಗಾಗಿ ಶಿಕ್ಷೆಯ ಮಟ್ಟಿಗೆ ಆಗಿನ ಕಾನೂನೇ ಅನ್ವಯ. ಹಿಂದಿನ ತಪ್ಪಿಗೆ ಇಂದಿನ ಹೆಚ್ಚಿನ ದಂಡ ಹಾಕಲು ಸಂವಿಧಾನವೇ ಬಿಡುವುದಿಲ್ಲ.

ನನ್ನನ್ನು ಕೇಳಿದರೆ ಮಾಲಕ ಹೆದರುವುದು ದಂಡಕ್ಕಲ್ಲ, ಇನ್ನೆರಡಕ್ಕೆ. ಒಂದು ಪರಿಹಾರ. ಬಾಕಿಯ ಜೊತೆಗೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಕಲಂ 45ರಲ್ಲಿದೆ. ಎದುರಿನವರು 'ಹಳೆ ಬಾಕಿಗೆ ಹಳೆ ಲೆಕ್ಕ' ಅಂತಾರೆ, ಹಳೆ ಕಾಯ್ದೆಯಲ್ಲಿ ಪಗಾರ ಮುರಿದದ್ದಕ್ಕೆ 10 ಪಟ್ಟು ಇತ್ತು, ಬರೀ ತಡ ಮಾಡಿದ್ದಕ್ಕೆ 3,000 ರೂಪಾಯಿ ಮಿತಿ. ಹತ್ತೂ ಪಟ್ಟು ಸಿಗುವುದು ಅಪರೂಪ, ಆ ಆಸೆ ಇಟ್ಟುಕೊಳ್ಳಬೇಡಿ, ಆದರೆ ಕೇಳದೆ ಬಿಟ್ಟರೆ ಅಧಿಕಾರಿ ತಾವಾಗಿ ಕೊಡುವುದಿಲ್ಲ. ಎರಡನೆಯದು ವಸೂಲಿ. ಆದೇಶ ಆದ ಮೇಲೂ ಕೊಡದಿದ್ದರೆ ಪ್ರಾಧಿಕಾರ ಜಿಲ್ಲಾಧಿಕಾರಿಗೆ ವಸೂಲಾತಿ ಪ್ರಮಾಣಪತ್ರ ಕಳಿಸುತ್ತದೆ, ಭೂಕಂದಾಯದ ಬಾಕಿ ವಸೂಲಿ ಮಾಡಿದ ಹಾಗೆಯೇ ಮಾಡುತ್ತಾರೆ. ತಹಶೀಲ್ದಾರ್ ಕಚೇರಿಯ ಜನ ಶೆಡ್ಡಿನ ಬಾಗಿಲಿಗೆ ಜಪ್ತಿ ನೋಟಿಸು ಅಂಟಿಸಲು ಬಂದರೆ ಮಾಲಕನಿಗೆ ಹಣ ಎಲ್ಲಿಂದಲೋ ಸಿಗುತ್ತದೆ. ಕ್ಲೇಮನ್ನು 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನಿನಲ್ಲಿದೆ. ಪ್ರಯತ್ನ ಅನ್ನುವ ಪದಕ್ಕೆ ಎಷ್ಟು ಜಾಗ ಇದೆ ಅಂತ ನಿಮಗೇ ಗೊತ್ತಲ್ವಾ, ಒಂದು ವರ್ಷ ಹಿಡಿದುಕೊಳ್ಳಿ. ಪ್ರತಿ ತಾರೀಖಿಗೂ ಹೋಗಿ.

ಇನ್ನು ನಿಮ್ಮ ಮಾವನ ವಿಷಯ. ಅದು ಇದಕ್ಕಿಂತ ಗಂಭೀರ, ನೀವು ಕೊನೆಯಲ್ಲಿ ಒಂದು ಸಾಲು ಬರೆದು ಬಿಟ್ಟಿದ್ದೀರಿ. ಅಡ್ವಾನ್ಸ್ ಮುರಿದುಕೊಳ್ಳಲು ಕಾನೂನು ಬಿಡುತ್ತದೆ, ನಿಜ. ಆದರೆ ಕೆಲಸಕ್ಕೆ ಹೋಗಿ ಬರುವ ಪ್ರಯಾಣಕ್ಕೆ ಅಂತ ಕೊಟ್ಟದ್ದನ್ನು ಮುರಿಯುವಂತಿಲ್ಲ, ಎಲ್ಲ ಕಡಿತ ಸೇರಿಸಿದರೂ ಪಗಾರದ ಅರ್ಧಕ್ಕಿಂತ ಜಾಸ್ತಿ ಆಗುವಂತಿಲ್ಲ. ಪೂರ್ತಿ ಕೂಲಿ ಹಿಡಿಯುವುದು ಎಲ್ಲೂ ಇಲ್ಲ. ಅದರ ಮೇಲೆ 'ಅಡ್ವಾನ್ಸ್ ತೀರುವ ತನಕ ಬೇರೆ ಕಡೆ ಹೋಗಬಾರದು, ಮುಂದಿನ ಹಂಗಾಮಿಗೂ ನಮ್ಮ ಗ್ಯಾಂಗಿಗೇ ಬರಬೇಕು' ಅಂತ ಮುಕಾದಮ (ಗ್ಯಾಂಗಿನ ಮೇಸ್ತ್ರಿ) ಕಟ್ಟಿಹಾಕಿದ್ದರೆ ಅದು ಪಗಾರದ ಜಗಳವಲ್ಲ, ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು ಇದೆ, ಆ ಸಾಲವೇ ರದ್ದಾಗುತ್ತದೆ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದೇ ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಹೇಳಿತು.

ಇಲ್ಲೂ ಸಾಕ್ಷಿಯ ಭಾರ ತಿರುಗಿದೆ ನೋಡಿ. ಇದು ಜೀತದ ಸಾಲ ಅಂತ ದುಡಿಯುವವನು ಹೇಳಿದರೆ, ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನು. ಮಾವನ ಹತ್ತಿರ ಕಾಗದ ಇಲ್ಲದಿದ್ದರೂ ಪರವಾಗಿಲ್ಲ. ಯಾವ ಊರಿನ ಹೊಲ, ಯಾವ ಕಾರಖಾನೆಗೆ ಕಬ್ಬು ಹೋಯಿತು, ಟ್ರ್ಯಾಕ್ಟರ್ ಯಾರದು, ಎಷ್ಟು ಅಡ್ವಾನ್ಸ್, ಎಷ್ಟು ಟನ್ ಕಡಿದರು, ನೆನಪಿದ್ದಷ್ಟು ಒಂದು ಹಾಳೆಯಲ್ಲಿ ಬರೆಸಿ. ಅರ್ಜಿಯನ್ನು ಕಾರ್ಮಿಕ ಕಚೇರಿಗಲ್ಲ, ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ ಕೊಡಬೇಕು. ದಸರೆಗೆ ಮೊದಲೇ ಕೊಡಿ. ಆಮೇಲೆ ಹಂಗಾಮು ಶುರುವಾಗಿ ಗ್ಯಾಂಗ್ ಹೊರಟುಬಿಟ್ಟರೆ ಮಾವನ ಜೊತೆ ಕಬ್ಬು ಕಡಿದವರು ಯಾರೂ ಊರಲ್ಲಿ ಸಿಗುವುದಿಲ್ಲ, ವಿಚಾರಣೆಗೆ ಬಂದ ಅಧಿಕಾರಿಗೆ ಬೀಗ ಹಾಕಿದ ಮನೆಗಳನ್ನು ತೋರಿಸಿ ಕಳಿಸಬೇಕಾಗುತ್ತದೆ.